ರೈಲಿನಲ್ಲಿ ಮಕ್ಕಳಿಗೆ ಆಡಲು ಫೆಲ್ಟ್ ಲೂಡೋ ಹೊಲಿಯಬೇಕು: ಮೆಷಿನ್ ತಗೊಳ್ಳಲಾ, ಕೈಹೊಲಿಗೆ ಸಾಕಾ?

ಮೆಷಿನ್ ಬೇಡ. ನನ್ನ ಹತ್ತಿರ ಮೆಷಿನ್ ಇದ್ದದ್ದರಿಂದಲೇ ನನಗೆ ನಷ್ಟವಾದದ್ದು.

ಕಾಸರಗೋಡಿಂದ ತಿರುವನಂತಪುರಕ್ಕೆ ಆಗಾಗ ರೈಲು, ಏಳು ವರ್ಷದ ಮಗ, ಮೂರು ವರ್ಷದ ಮಗಳು, ಫೆಲ್ಟ್‌ನಲ್ಲಿ (ಎಳೆಗಳನ್ನು ಒತ್ತಿ ಮಾಡಿದ, ನೇಯದ ಬಟ್ಟೆ) ಲೂಡೋ, ಕಾಯಿ ಬೀಳದ ಹಾಗೆ ವೆಲ್ಕ್ರೋ, ಜೊತೆಗೆ ಹೊಸ ಮೆಷಿನ್ ತಗೊಳ್ಳುವ ಯೋಚನೆ. ನಿಮ್ಮ ಪ್ರಶ್ನೆ ಓದಿ ನಗು ಬಂತು. ವೆಲ್ಕ್ರೋ ಸಹಿತ ನಾನು ಇದನ್ನೆಲ್ಲ ಮಾಡಿ ಮುಗಿಸಿದವಳು.

ನಮ್ಮದು ಕಾಸರಗೋಡಿನ ಬದಿಯಡ್ಕ ಕಡೆ. ಮನೆಯಲ್ಲೇ ಬ್ಲೌಸ್, ಚೂಡಿದಾರ ಹೊಲಿಯುತ್ತೇನೆ. ಅತ್ತೆಯ ಚಿಕಿತ್ಸೆಗೆಂದು ಒಂದು ಕಾಲದಲ್ಲಿ ತಿರುವನಂತಪುರಕ್ಕೆ ಹೋಗಿ ಬರುವುದೇ ಆಗಿತ್ತು, ಮಕ್ಕಳನ್ನು ಬಿಟ್ಟು ಹೋಗಲು ಮನೆಯಲ್ಲಿ ಬೇರೆ ಯಾರೂ ಇಲ್ಲ. ಆಗ ವಂದೇ ಭಾರತ್ ಇರಲಿಲ್ಲ. ಅದು ಶುರುವಾದದ್ದು 2023ರ ಏಪ್ರಿಲ್‌ನಲ್ಲಿ, ಅದರಲ್ಲೂ ಎಂಟು ಗಂಟೆ ಕೂರಬೇಕು. ಕಣ್ಣೂರು ದಾಟುವಷ್ಟರಲ್ಲಿ ಮಕ್ಕಳಿಗೆ ಕಿಟಕಿ ಸಾಕಾಗುತ್ತದೆ. ಆಮೇಲೆ ಮೊಬೈಲ್‌ಗೆ ಜಗಳ. ಪ್ಲಾಸ್ಟಿಕ್ ಲೂಡೋ ಕೊಂಡುಹೋದರೆ ರೈಲು ಒಂದು ಸಲ ಕುಲುಕಿದ್ದೇ ಕಾಯಿಗಳೆಲ್ಲ ಸೀಟಿನ ಅಡಿಗೆ. ಅಲ್ಲಿಗೆ ಬಗ್ಗಿ ಹುಡುಕುವುದು ನಾವು!

ಹಾಗೆ ಒಂದು ರಾತ್ರಿ ಅಡುಗೆಮನೆ ಕೆಲಸ ಮುಗಿಸಿ ಕೂತು, ಫ್ಯಾನ್ಸಿ ಅಂಗಡಿಯಿಂದ ತಂದ ಫೆಲ್ಟ್ ಶೀಟಿನ ಮೇಲೆ ಲೂಡೋ ಬದಲು ಚೌಕಾಬಾರದ, ಅಂದರೆ ಕವಡೆ ಹಾಕಿ ಆಡುವ ಆಟದ, ಮನೆ ಹೊಲಿದೆ. ಕೈಯಲ್ಲೇ. ಮೆಷಿನ್ ಮೇಲೆ ಯಾರದೋ ಮದುವೆ ಬ್ಲೌಸ್ ಅರ್ಧದಲ್ಲಿತ್ತು, ಅದನ್ನು ತೆಗೆಯಲು ಉದಾಸೀನ. ದಪ್ಪ ಎಂಬ್ರಾಯ್ಡರಿ ನೂಲಿನಲ್ಲಿ ಉದ್ದುದ್ದ ಹೊಲಿಗೆ ಹಾಕಿದೆ. ನೋಡಲು ಚೆಂದವೇನೂ ಇರಲಿಲ್ಲ, ಒಂದು ಗೆರೆ ಸೊಟ್ಟ ಬೇರೆ. ಶೀಟು ತೆಳು ಅನ್ನಿಸಿ ಹಿಂದೆ ಒಂದು ಹಳೇ ಬೈರಾಸಿನ (ಹತ್ತಿಯ ತೆಳು ಟವೆಲ್) ತುಂಡು ಸೇರಿಸಿದ್ದೆ. ಆ ಆಟದ ಪಟ ಈಗಲೂ ನಮ್ಮ ಮನೆಯಲ್ಲಿ ಉಂಟು. ಮಕ್ಕಳು ಅದರ ಮೇಲೆ ಕೂತಿದ್ದಾರೆ, ಬಾಳೆಹಣ್ಣು ತಿಂದ ಕೈ ಒರೆಸಿದ್ದಾರೆ. ಏನೂ ಆಗಿಲ್ಲ.

ತಪ್ಪು ಆದದ್ದು ಅದರ ನಂತರ. ಪರಿಚಯದವರೊಬ್ಬರು, ಗಲ್ಫ್‌ನಿಂದ ರಜೆಗೆ ಬಂದವರು, ಇದನ್ನು ನೋಡಿ ಮಗಳ ಹುಟ್ಟುಹಬ್ಬಕ್ಕೆ ಬಂದ ಮಕ್ಕಳಿಗೆಲ್ಲ ಒಂದೊಂದು ಕೊಡಬೇಕು, ಮಾಡಿಕೊಡಿ ಎಂದರು. ಒಳ್ಳೆ ಆರ್ಡರ್. ದುಡ್ಡು ಕೊಟ್ಟು ಕೊಳ್ಳುವವರಿಗೆ ಸೊಟ್ಟ ಗೆರೆ ಕೊಡಲಿಕ್ಕೆ ಆಗುತ್ತದಾ? ಮೆಷಿನ್‌ನಲ್ಲೇ ಹೊಲಿದೆ. ಬೈರಾಸು ಬಿಟ್ಟೆ, ಹಿಂದಿನ ಬದಿಯೂ ನೀಟಾಗಿ ಕಾಣಲಿ ಅಂತ. ಇಸ್ತ್ರಿ ಮಾಡಿ, ಮಡಚಿ, ರಿಬ್ಬನ್ ಕಟ್ಟಿ ಕೊಟ್ಟೆ. ಅಂಗಡಿ ಮಾಲಿಗಿಂತ ಚೆನ್ನಾಗಿ ಕಾಣುತ್ತಿತ್ತು.

ಸ್ವಲ್ಪ ದಿನದಲ್ಲೇ ಫೋನ್ ಬಂತು. ಒಬ್ಬರ ಮನೆಯಲ್ಲಿ ಪಟ ಎರಡು ತುಂಡಾಗಿತ್ತು. ಆಮೇಲೆ ಇನ್ನೊಬ್ಬರ ಮನೆಯದು, ಮತ್ತೊಬ್ಬರದು. ಹರಿದದ್ದು ಅಡ್ಡಾದಿಡ್ಡಿ ಅಲ್ಲ. ಸ್ಕೇಲ್ ಇಟ್ಟು ಕೊಯ್ದ ಹಾಗೆ, ಸರಿಯಾಗಿ ನಾನು ಹೊಲಿದ ಗೆರೆಯ ಮೇಲೆ. ಅವರು ಬೈಯಲಿಲ್ಲ, ನಾನೇ ದುಡ್ಡು ವಾಪಸ್ ಕೊಟ್ಟೆ. ಶೀಟಿನ ಖರ್ಚು ಹೋಯಿತು, ಅವರ ಕಡೆಯಿಂದ ಬ್ಲೌಸ್ ಹೊಲಿಸಲು ಬರುತ್ತಿದ್ದವರೂ ಹೋದರು.

ಯಾಕೆ ಹರಿಯಿತು ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಟೈಲರಿಂಗ್ ಕಲಿತವರೇ ಈ ತಪ್ಪು ಮಾಡುವುದು.

ನಾವು ಹೊಲಿಯುವ ಹತ್ತಿ ಬಟ್ಟೆಯಲ್ಲಿ ಹಾಸು ಹೊಕ್ಕು ಎಂದು ಉದ್ದಕ್ಕೂ ಅಡ್ಡಕ್ಕೂ ನೂಲು ಇರುತ್ತದೆ. ಸೂಜಿ ಚುಚ್ಚಿದರೆ ನೂಲು ಪಕ್ಕಕ್ಕೆ ಸರಿದು ಸೂಜಿಗೆ ಜಾಗ ಕೊಡುತ್ತದೆ. ಹೊಲಿಗೆಗೆ ಆ ನೂಲೇ ಆಸರೆ. ಅದಕ್ಕೇ ಬ್ಲೌಸಿನ ಹೊಲಿಗೆ ಹತ್ತಿರ ಹತ್ತಿರ ಇದ್ದಷ್ಟು ಗಟ್ಟಿ. ಫೆಲ್ಟ್‌ನಲ್ಲಿ ನೇಯ್ಗೆಯೇ ಇಲ್ಲ. ಉಣ್ಣೆಯದ್ದಾದರೆ ಬಿಸಿ, ನೀರು, ತಿಕ್ಕಾಟದಿಂದ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಹಾಳೆಯಾಗುತ್ತವೆ. ನಮ್ಮ ಅಂಗಡಿಗಳಲ್ಲಿ ಸಿಗುವುದು ಹೆಚ್ಚಿನದ್ದೂ ಪಾಲಿಯೆಸ್ಟರ್. ಅದರ ಎಳೆಗಳನ್ನು ಮುಳ್ಳು ಸೂಜಿಗಳಿಂದ ಚುಚ್ಚಿ ಚುಚ್ಚಿಯೇ ಸಿಕ್ಕಿಸಿರುತ್ತಾರೆ. ಅದಕ್ಕೇ ಕತ್ತರಿಸಿದ ಅಂಚಿನಿಂದ ನೂಲು ಬಿಚ್ಚಿಕೊಳ್ಳುವುದಿಲ್ಲ, ಅಂಚು ಮಡಚಿ ಹೊಲಿಯುವ ಕೆಲಸ ಇಲ್ಲ. ಹೊಸಬರಿಗೆ ಸುಲಭ ಅನ್ನುವುದು ಇದರಿಂದ. ಆದರೆ ಆಸರೆಯ ನೂಲು ಇಲ್ಲದ್ದರಿಂದ ಸೂಜಿ ಚುಚ್ಚಿದ ಪ್ರತಿ ತೂತೂ ಅಲ್ಲಿ ಹಾಳೆಯನ್ನು ಅಷ್ಟಷ್ಟು ಸಡಿಲ ಮಾಡುತ್ತದೆ.

ಈಗ ನಾನು ಮಾಡಿದ್ದು ನೋಡಿ. ಬ್ಲೌಸಿಗೆ ಇಡುವ ಹಾಗೆ ಹೊಲಿಗೆಯನ್ನು ಸಣ್ಣಕ್ಕೆ ಇಟ್ಟೆ, ಸುಮಾರು ಒಂದೂವರೆ ಮಿಲಿಮೀಟರ್. ಪಟದ ಒಂದು ಗೆರೆ ಹದಿನೇಳೂವರೆ ಸೆಂಟಿಮೀಟರ್ ಉದ್ದ. ಲೆಕ್ಕ ಹಾಕಿ, ಒಂದು ಗೆರೆಗೆ 116 ತೂತು. ಗೆರೆ ಎದ್ದು ಕಾಣಲಿ ಅಂತ ಅದರ ಮೇಲೆ ಇನ್ನೊಂದು ಸಲ ಓಡಿಸಿದೆ, 230ಕ್ಕಿಂತ ಜಾಸ್ತಿ ಆಯಿತು. ಫೆಲ್ಟ್ ದಪ್ಪ ಇದೆ ಅಂತ 16 ನಂಬರಿನ ದಪ್ಪ ಸೂಜಿ ಬೇರೆ ಹಾಕಿದ್ದೆ. ಅಂಚೆ ಚೀಟಿಯ ಹಾಳೆಗೆ ಹರಿಯಲು ಸುಲಭ ಆಗಲಿ ಅಂತಲೇ ಸಾಲಾಗಿ ತೂತು ಹೊಡೆಯುತ್ತಾರಲ್ಲ, ನಾನು ದುಡ್ಡು ತಗೊಂಡು ಅದನ್ನೇ ಮಾಡಿಕೊಟ್ಟಿದ್ದೆ.

ಅಷ್ಟಕ್ಕೇ ನಿಲ್ಲಲಿಲ್ಲ. ಚೌಕಾಬಾರದಲ್ಲಿ ಅಡ್ಡಕ್ಕೆ ಐದು ಮನೆ. ನಾನು ಎರಡು ಮನೆ, ಎರಡು ಮನೆ, ಒಂದು ಮನೆ ಅಂತ ಸರಿಯಾಗಿ ಗೆರೆಯ ಮೇಲೇ ಮಡಚಿ ಇಸ್ತ್ರಿ ಒತ್ತಿದ್ದೆ. ಮಕ್ಕಳು ಪ್ರತಿ ಸಲ ಬಿಚ್ಚುವುದು, ಮಡಚುವುದು ಅದೇ ತೂತಿನ ಸಾಲಿನ ಮೇಲೆ. ಹಿಂದೆ ಬೈರಾಸು ಇದ್ದಿದ್ದರೆ ಅದಾದರೂ ಹಿಡಿದುಕೊಳ್ಳುತ್ತಿತ್ತು. ನಮ್ಮ ಮನೆಯ ಸೊಟ್ಟ ಪಟ ಉಳಿದದ್ದು ಇದಕ್ಕೇ: ಉದ್ದ ಹೊಲಿಗೆ, ಕಡಿಮೆ ತೂತು, ಹಿಂದೆ ನೇಯ್ದ ಬಟ್ಟೆ. ಅದನ್ನು ನಾನು ಮಡಚುತ್ತಲೂ ಇರಲಿಲ್ಲ, ಸುಮ್ನೆ ಸುರುಳಿ ಸುತ್ತಿ ಬ್ಯಾಗಿಗೆ ತುರುಕುತ್ತಿದ್ದೆ.

ಹಾಗಾಗಿ ಮೆಷಿನ್‌ನ ದುಡ್ಡು ಉಳಿಸಿ. ಮನೆಯಲ್ಲಿ ಆಗಲೇ ಇದ್ದರೆ ಹೊಲಿಗೆಯನ್ನು ನಾಲ್ಕು ಮಿಲಿಮೀಟರ್‌ಗೆ ಇಟ್ಟು, 14 ನಂಬರ್ ಸೂಜಿ ಹಾಕಿ, ಒಂದೇ ಸಲ ಓಡಿಸಬಹುದು. ಅದೇ ಗೆರೆಗೆ ಆಗ 44 ತೂತು ಸಾಕು. ಆದರೆ ಒಂದು ಪಟಕ್ಕೋಸ್ಕರ ಮೆಷಿನ್ ಕೊಳ್ಳಬೇಡಿ ಮಾರಾಯ್ರೆ.

ಇನ್ನು ಲೂಡೋ. ಅದನ್ನೂ ಬಿಡಿ ಅನ್ನುತ್ತೇನೆ. ಲೂಡೋದಲ್ಲಿ ಸುತ್ತಿನ ದಾರಿಗೇ 52 ಮನೆ, ಒಳಗೆ ಹೋಗುವ ದಾರಿಯದ್ದು ಇನ್ನೂ 20. ಅಷ್ಟು ಗೆರೆ ಫೆಲ್ಟ್ ಮೇಲೆ ಹೊಲಿಯುವಷ್ಟರಲ್ಲಿ ನಿಮ್ಮ ಮಗ ಹೈಸ್ಕೂಲಿಗೆ ಹೋಗಿರುತ್ತಾನೆ. ಹಾವು ಏಣಿ ಅಂತೂ 100 ಮನೆ, ಪ್ರತಿಯೊಂದಕ್ಕೂ ನಂಬರ್. ಚೌಕಾಬಾರಕ್ಕೆ ಒಟ್ಟು 25. ಆಟವೂ ಏನು ಕಡಿಮೆ ಅಲ್ಲ. ಹೊರಗಿನ 16 ಮನೆ ಒಂದು ದಿಕ್ಕಿಗೆ, ಒಳಗಿನ 8 ಮನೆ ಅದರ ಉಲ್ಟಾ ದಿಕ್ಕಿಗೆ, ಕೊನೆಗೆ ನಡು ಮನೆಯಲ್ಲಿ ಹಣ್ಣು. ಎದುರಿನವರ ಕಾಯಿ ಒಂದನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವ ಹಾಗಿಲ್ಲ ಅಂತ ನಮ್ಮ ಮನೆಯ ಕಾನೂನು. ಏಳು ವರ್ಷದ ಹುಡುಗನಿಗೆ ಅದರಲ್ಲಿ ಸಿಟ್ಟು ಬರುವಷ್ಟು ರಸ ಇದೆ.

ನಮ್ಮ ಕಡೆಯವರು ಕೂಡಲೇ ಕೇಳುವುದು, ಚೆನ್ನೆ ಯಾಕೆ ಮಾಡಬಾರದು ಅಂತ. ಆಟಿ ತಿಂಗಳ ಮಳೆಯಲ್ಲಿ ಚಾವಡಿಯಲ್ಲಿ ಕೂತು ಚೆನ್ನೆಮಣೆ ಆಡಿದವಳು ನಾನೂ. ಆದರೆ ಚೆನ್ನೆಗೆ ಗುಳಿ ಬೇಕು. 14 ಗುಳಿ, ಒಂದೊಂದರಲ್ಲಿ ನಾಲ್ಕರಂತೆ 56 ಮಂಜೊಟ್ಟಿ ಬೀಜ. ಚಪ್ಪಟೆ ಬಟ್ಟೆಯ ಮೇಲೆ, ಅದೂ ಓಡುವ ರೈಲಿನಲ್ಲಿ, ಮಂಜೊಟ್ಟಿ ಒಂದು ಕಡೆ ನಿಲ್ಲುತ್ತದಾ? ಮೂರು ವರ್ಷದ ಮಗು ಬೇರೆ ಪಕ್ಕದಲ್ಲಿ. ಮನೆಯಲ್ಲಿ ಚೆನ್ನೆ ಆಡುವುದಾದರೂ ಒಂದು ಜಾಗ್ರತೆ: ಪೂರ್ತಿ ಕೆಂಪಿರುವುದು ಮಂಜೊಟ್ಟಿ, ಕಪ್ಪು ಚುಕ್ಕೆ ಇರುವುದು ಗುಲಗಂಜಿ. ಗುಲಗಂಜಿ ಅಗಿದು ನುಂಗಿದರೆ ವಿಷ. ಚೆಂದ ಕಾಣುತ್ತದೆ ಅಂತ ಮಕ್ಕಳ ಡಬ್ಬಿಗೆ ಹಾಕಬೇಡಿ.

ಅಳತೆಗೆ ಬರುತ್ತೇನೆ. ಅಂಗಡಿಯ ಎ4 ಶೀಟಿನ ಅಗಲ 21 ಸೆಂಟಿಮೀಟರ್. ನಾಲ್ಕು ಸೆಂಟಿಮೀಟರ್ ಮನೆ ಇಟ್ಟರೆ ಐದಕ್ಕೆ 20 ಹೋಗಿ ಅಂಚಿಗೆ ಜಾಗವೇ ಉಳಿಯುವುದಿಲ್ಲ. ಮೂರೂವರೆ ಇಡಿ. ಹದಿನೇಳೂವರೆಯ ಚೌಕ ಆಗುತ್ತದೆ, ಎರಡೂ ಬದಿಗೆ ಒಂದೂಮುಕ್ಕಾಲು ಸೆಂಟಿಮೀಟರ್ ಅಂಚು ಸಿಗುತ್ತದೆ. ಶೀಟಿನ ಉದ್ದದಲ್ಲಿ ಮಿಕ್ಕ ಸುಮಾರು ಒಂಬತ್ತು ಸೆಂಟಿಮೀಟರ್ ಕತ್ತರಿಸಿ ಬಿಸಾಡಬೇಡಿ, ಅದು ಕಾಯಿ ಇಡುವ ಚೀಲಕ್ಕೆ ಬೇಕು. ಈ ಪಟ ರೈಲಿನ ಮಡಚುವ ಮೇಜಿನ ಮೇಲೂ ಹಿಡಿಯುತ್ತದೆ.

ಅಂಗಡಿಯಲ್ಲಿ ಗಟ್ಟಿ ಫೆಲ್ಟ್, ಮೆತ್ತನೆ ಫೆಲ್ಟ್ ಅಂತ ಎರಡು ಇರುತ್ತದೆ. ಪಟಕ್ಕೆ ಮೆತ್ತನೆಯದು. ಗಟ್ಟಿಯದ್ದು ಅಂಟು ಹಾಕಿ ಬಿಗಿ ಮಾಡಿದ್ದು, ಸುರುಳಿ ಸುತ್ತಿದರೆ ಗೆರೆ ಬಿದ್ದು ಅಲ್ಲೇ ನಿಲ್ಲುತ್ತದೆ. ಹಿಂದೆ ಹಾಕುವ ಬಟ್ಟೆ ಹಳೆಯದೇ ಇರಲಿ. ಬೈರಾಸು, ಮುಂಡು, ಸವೆದ ಹತ್ತಿ ಸೀರೆ, ಯಾವುದೂ ಆಗುತ್ತದೆ. ಹೊಸ ಹತ್ತಿ ಬಟ್ಟೆ ಒಗೆದಾಗ ಕುಗ್ಗುತ್ತದೆ, ಪಾಲಿಯೆಸ್ಟರ್ ಫೆಲ್ಟ್ ಕುಗ್ಗುವುದಿಲ್ಲ. ಕೊನೆಗೆ ಪಟ ದೋಣಿಯ ಹಾಗೆ ಬಾಗಿ ಕೂರುತ್ತದೆ. ಹೊಸದೇ ಹಾಕುವುದಾದರೆ ಮೊದಲು ನೆನೆಸಿ ಒಣಗಿಸಿ.

ಗೆರೆ ಎಳೆಯಲು ಪೆನ್ ಮುಟ್ಟಬೇಡಿ. ಟೈಲರ್ ಚಾಕ್ ಇಲ್ಲದಿದ್ದರೆ ಸವೆದ ಸೋಪಿನ ತೆಳು ಚೂರು ಸಾಕು. ಎಂಬ್ರಾಯ್ಡರಿ ನೂಲಿನಲ್ಲಿ ಆರು ಎಳೆ ಇರುತ್ತದೆ, ಅದರಲ್ಲಿ ಮೂರು ತೆಗೆದುಕೊಂಡು ಫೆಲ್ಟ್ ಮತ್ತು ಹಿಂದಿನ ಬಟ್ಟೆ ಎರಡನ್ನೂ ಸೇರಿಸಿ ರನ್ನಿಂಗ್ ಸ್ಟಿಚ್ (ಸೂಜಿ ಮೇಲೆ ಕೆಳಗೆ ಹೋಗುವ ಸಾದಾ ಹೊಲಿಗೆ) ಹಾಕಿ. ನಾಲ್ಕೈದು ಮಿಲಿಮೀಟರ್ ಉದ್ದ ಇರಲಿ. ನೂಲು ಎಳೆದು ಬಿಗಿ ಮಾಡಬೇಡಿ, ಫೆಲ್ಟ್ ನೆರಿಗೆ ಕಟ್ಟುತ್ತದೆ. ಕಟ್ಟೆ ಮನೆಗಳಿಗೆ, ಅಂದರೆ ಕಾಯಿ ಕಡಿಯುವ ಹಾಗಿಲ್ಲದ ಮನೆಗಳಿಗೆ, ಎಲ್ಲರೂ ಅಡ್ಡ ಗೀಟು ಹೊಲಿಯುತ್ತಾರೆ. ನಾನು ಈಗ ಬೇರೆ ಬಣ್ಣದ ಚೌಕ ತುಂಡು ಇಟ್ಟು ನಾಲ್ಕು ಮೂಲೆಗೆ ಮಾತ್ರ ಹೊಲಿಗೆ ಹಾಕುತ್ತೇನೆ. ಅಂಚಿಗೆ ಸುತ್ತ ಬ್ಲಾಂಕೆಟ್ ಸ್ಟಿಚ್, ಅಂದರೆ ಅಂಚನ್ನು ನೂಲು ಸುತ್ತಿ ಹಿಡಿಯುವ ಹೊಲಿಗೆ. ಇದು ಒಂದು ಬಾರದಿದ್ದರೆ ಕಲಿಯಿರಿ, ಅರ್ಧ ಗಂಟೆಯ ಕೆಲಸ, ಕಾಯಿಗಳಿಗೂ ಇದೇ ಬೇಕು.

ಗ್ಲೂ ಗನ್ ಇದೆ, ಅಂಟಿಸಿದರೆ ಸಾಲದಾ ಅಂತ ಕೇಳಿದ್ದೀರಿ. ಸಾಲದು. ಅಂಟು ಗಟ್ಟಿಯಾದ ಕಡೆ ಸುರುಳಿ ಸುತ್ತಲು ಬರುವುದಿಲ್ಲ, ಸುತ್ತಿ ಸುತ್ತಿ ಅಂಚು ಏಳುತ್ತದೆ, ಎದ್ದ ಅಂಚನ್ನು ಮಕ್ಕಳು ಕೀಳುತ್ತಾರೆ. ಆಮೇಲೆ ಹೊಲಿಯೋಣ ಎಂದರೆ ಸೂಜಿ ಇಳಿಯುವುದಿಲ್ಲ.

ಕಾಯಿಗೆ ಹತ್ತು ರೂಪಾಯಿ ನಾಣ್ಯ ಇಟ್ಟು ಸುತ್ತ ಗೆರೆ ಎಳೆಯಿರಿ. ಅದರ ಅಗಲ 27 ಮಿಲಿಮೀಟರ್, ಮೂರೂವರೆಯ ಮನೆಯಲ್ಲಿ ಸರಿಯಾಗಿ ಕೂರುತ್ತದೆ. ಎರಡು ತುಂಡು ಸೇರಿಸಿ ಅಂಚು ಹೊಲಿದರೆ ಒಂದು ಕಾಯಿ. ನಾಲ್ಕು ಜನರಿಗೆ ನಾಲ್ಕರಂತೆ 16 ಬೇಕು, ಪ್ರತಿ ಬಣ್ಣಕ್ಕೆ ಒಂದೊಂದು ಜಾಸ್ತಿ ಮಾಡಿಡಿ, ಹೇಗೂ ಕಳೆಯುತ್ತದೆ. ಮೀನು, ನಕ್ಷತ್ರ ಅಂತ ಆಕಾರ ಮಾಡಲು ಹೋಗಬೇಡಿ, ಮೀನಿನ ಬಾಲ ಮೊದಲ ವಾರದಲ್ಲೇ ಹೋಗುತ್ತದೆ. ಬಣ್ಣದಲ್ಲಿ ಕಡು ನೀಲಿ, ಕಡು ಹಸಿರು ಒಟ್ಟಿಗೆ ಬೇಡ. ರಾತ್ರಿ ಬೋಗಿಯ ಬೆಳಕಿನಲ್ಲಿ ಎರಡೂ ಒಂದೇ ಕಾಣುತ್ತದೆ, ಅಲ್ಲಿಂದ ಜಗಳ ಶುರು.

ವೆಲ್ಕ್ರೋ ಬೇಡವೇ ಬೇಡ. ಫೆಲ್ಟ್ ಮೇಲೆ ಫೆಲ್ಟ್ ಇಟ್ಟರೆ ಎಳೆಗೆ ಎಳೆ ಸ್ವಲ್ಪ ಹಿಡಿದುಕೊಳ್ಳುತ್ತದೆ, ರೈಲು ಕುಲುಕಿದರೂ ಕಾಯಿ ಜಾರುವುದಿಲ್ಲ. ಫೆಲ್ಟ್‌ನ ಲಾಭವೇ ಅದು ಅಲ್ವಾ? ವೆಲ್ಕ್ರೋದ ಕೊಕ್ಕೆ ಬದಿ ಫೆಲ್ಟ್‌ಗೆ ಚೆನ್ನಾಗಿಯೇ ಅಂಟುತ್ತದೆ, ಆದರೆ ಕಿತ್ತಾಗಲೆಲ್ಲ ಎಳೆಗಳನ್ನು ಎಬ್ಬಿಸುತ್ತದೆ. ನಾಲ್ಕು ಆಟದಲ್ಲಿ ಪಟದ ಮೇಲೆಲ್ಲ ಬೂರು. ನಿಮ್ಮ ಮಗ ಆ ಕರಕರ ಶಬ್ದಕ್ಕೋಸ್ಕರವೇ ಕಿತ್ತು ಅಂಟಿಸಿ ಮಾಡುತ್ತಾನೆ, ಪಕ್ಕದ ಸೀಟಿನವರು ನಿಮ್ಮನ್ನು ನೋಡುತ್ತಾರೆ.

ಕವಡೆ ಇದ್ದರೆ ನಾಲ್ಕು ಸಾಕು. ಬಾಯಿ ಮೇಲಾದದ್ದು ಎಷ್ಟೋ ಅಷ್ಟು ಮನೆ. ನಾಲ್ಕೂ ಮೇಲಾದರೆ ಚೌಕ, ನಾಲ್ಕು ಮನೆ. ನಾಲ್ಕೂ ಬೋರಲು ಬಿದ್ದರೆ ಬಾರ, ಎಂಟು ಮನೆ. ಎರಡಕ್ಕೂ ಇನ್ನೊಂದು ಆಟ ಸಿಗುತ್ತದೆ. ಕವಡೆ ಇಲ್ಲದಿದ್ದರೆ ಹುಣಸೆ ಬೀಜದ ಒಂದು ಬದಿಯನ್ನು ಒರಟು ಕಲ್ಲಿಗೆ ಬಿಳಿ ಕಾಣುವ ತನಕ ತಿಕ್ಕಿ. ಈ ಕೆಲಸ ಮಗನಿಗೇ ಕೊಡಿ, ಒಂದು ಮಧ್ಯಾಹ್ನ ಸುಮ್ಮನಿರುತ್ತಾನೆ. ಎರಡನ್ನೂ ಪಟದ ಮೇಲೆ ಎಸೆಯಬಾರದು, ಟಿಫಿನ್ ಡಬ್ಬಿಯ ಮುಚ್ಚಳದಲ್ಲಿ ಎಸೆಯಬೇಕು. ನೆಲಕ್ಕೆ ಉರುಳುವುದಿಲ್ಲ.

ಒಗೆಯುವುದು ತಣ್ಣೀರಲ್ಲಿ, ಕೈಯಲ್ಲಿ, ಹಿಂಡದೆ. ಟವೆಲ್ ಒಳಗೆ ಸುತ್ತಿ ಒತ್ತಿ, ಚಪ್ಪಟೆ ಹಾಸಿ ಒಣಗಿಸಿ. ಕೆಂಪು ಫೆಲ್ಟ್ ಬಳಸುವ ಮೊದಲು ಒದ್ದೆ ಬಿಳಿ ಬಟ್ಟೆಯಿಂದ ತಿಕ್ಕಿ ನೋಡಿ, ಬಣ್ಣ ಹತ್ತಿದರೆ ಅಂಗಡಿಗೆ ವಾಪಸ್ ಕೊಡಿ. ಇಸ್ತ್ರಿ ಪೆಟ್ಟಿಗೆಯನ್ನು ಹತ್ತಿಯ ಬಿಸಿಯಲ್ಲಿ ಇಟ್ಟರೆ ಪಾಲಿಯೆಸ್ಟರ್ ಕರಗಿ ಪೆಟ್ಟಿಗೆಯ ಅಡಿಗೆ ಹಿಡಿಯುತ್ತದೆ. ಉಣ್ಣೆಯ ಫೆಲ್ಟ್ ಆನ್‌ಲೈನಲ್ಲಿ ಸಿಗುತ್ತದೆ, ನೋಡಲು ಬಹಳ ಚೆಂದ. ಆದರೆ ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಬೀಳುವ ನಮ್ಮ ಊರಲ್ಲಿ, ಜೂನ್ ಜುಲೈಯಲ್ಲಿ ಕಪಾಟಿನ ಒಳಗೂ ಬೂಸಲು ಬರುತ್ತದೆ. ಅದಕ್ಕೆ ಅಷ್ಟು ದುಡ್ಡು ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಮಗಳ ವಿಷಯ ನೀವು ಒಂದೇ ಸಾಲಿನಲ್ಲಿ ಬರೆದಿದ್ದೀರಿ, ಆದರೆ ನಿಮ್ಮ ಅಳತೆ ನಿಶ್ಚಯವಾಗುವುದು ಅವಳಿಂದ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆ ಪರೀಕ್ಷೆಗೆ ಒಂದು ಸಣ್ಣ ಕೊಳವೆ ಇಟ್ಟುಕೊಂಡಿರುತ್ತಾರೆ, ಅಗಲ 31.7 ಮಿಲಿಮೀಟರ್. ಅದರೊಳಗೆ ಹಿಡಿಯುವ ಯಾವುದೂ ಆ ಮಕ್ಕಳಿಗೆ ಕೊಡುವಂಥದ್ದಲ್ಲ. ನಮ್ಮ 27ರ ಕಾಯಿ ಹಿಡಿಯುತ್ತದೆ. ಕವಡೆ, ಹುಣಸೆ ಬೀಜವಂತೂ ಹೇಳುವುದೇ ಬೇಡ. ನಿಮ್ಮ ಮಗಳಿಗೆ ಮೂರು ತುಂಬಿದ್ದರೂ ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕುವ ಅಭ್ಯಾಸ ಇನ್ನೂ ಇದ್ದರೆ ಎ4 ಶೀಟ್ ಬಿಟ್ಟು ಮೀಟರ್ ಲೆಕ್ಕದ ಫೆಲ್ಟ್ ತನ್ನಿ. ಐದು ಸೆಂಟಿಮೀಟರ್ ಮನೆ, ನಾಲ್ಕು ಸೆಂಟಿಮೀಟರ್ ಕಾಯಿ ಮಾಡಿ. ಪಟ ದೊಡ್ಡದಾಗುತ್ತದೆ, ಮಡಿಲಲ್ಲಿ ಹಾಸಿ ಆಡಿದರಾಯಿತು. ಕವಡೆ ನಿಮ್ಮ ಪರ್ಸಲ್ಲೇ ಇರಲಿ.

ಅವಳು ಈಗ ಆಟ ಆಡುವುದಿಲ್ಲ, ಕಾಯಿ ತೆಗೆದು ಚೀಲಕ್ಕೆ ಹಾಕುತ್ತಾಳೆ, ಚೀಲದಿಂದ ತೆಗೆಯುತ್ತಾಳೆ. ಅದಕ್ಕೆ ತಯಾರಿರಿ. ಉಳಿದ ತುಂಡನ್ನು ಪಟದ ಒಂದು ತುದಿಗೆ ಮೂರು ಬದಿ ಹೊಲಿದು ಮೇಲೊಂದು ಮುಚ್ಚಳ ಬಿಡಿ. ಟಿಚ್ ಬಟನ್ ಹಾಕಬೇಡಿ, ಎಳೆದಾಗ ಫೆಲ್ಟ್ ಸಮೇತ ಕಿತ್ತು ಬರುತ್ತದೆ, ಬಟನ್ನೂ ಬಾಯಿಗೆ ಹೋಗುವಷ್ಟೇ ಸಣ್ಣದು. ಮುಚ್ಚಳದ ತುದಿಗೆ ಚಿಕ್ಕ ನಾಲಿಗೆ ಬಿಟ್ಟು, ಚೀಲದ ಮೇಲೆ ಹೊಲಿದ ಪಟ್ಟಿಯೊಳಗೆ ತೂರಿಸುವ ಹಾಗೆ ಮಾಡಿ. ಸುರುಳಿಗೆ ಕಟ್ಟುವ ಲಾಡಿ ಒಂದು ಗೇಣಿಗಿಂತ ಉದ್ದ ಬೇಡ, ಕುತ್ತಿಗೆಗೆ ಸುತ್ತಿಕೊಳ್ಳುವಷ್ಟು ಇರಬಾರದು. ಲಾಡಿಯನ್ನು ಫೆಲ್ಟ್‌ಗೆ ಮಾತ್ರ ಹೊಲಿಯಬೇಡಿ, ಹಿಂದಿನ ಬೈರಾಸಿಗೂ ಸೇರಿಸಿ ಹೊಲಿಯಿರಿ.